ಊರಿಗೆ ಹೋಗದ ಸರಳು

ನಮ್ಮ ಮನೆಗೆ ಬಂದವರೆಲ್ಲ ಸೋಫಾದ ಪಕ್ಕ ಗೋಡೆಗೆ ಒರಗಿಸಿಟ್ಟಿರುವ ಆ ಕಪ್ಪು ಸರಳಿಗೆ ಒಂದೊಂದು ಹೆಸರಿಡುತ್ತಾರೆ. ಪರದೆಯ ಕೋಲು ಎಂದವರಿದ್ದಾರೆ, ಕಾರಿನ ಯಾವುದೋ ಭಾಗ ಎಂದವರಿದ್ದಾರೆ. ಊರಿನಿಂದ ಬಂದ ನನ್ನ ಅತ್ತೆ ಅದರ ಮೇಲೆ ಬಟ್ಟೆ ಒಣಹಾಕಲು ನೋಡಿ, ಉದ್ದ ಸಾಲದೆಂದು ಗೊಣಗಿ ವಾಪಸ್ ಇಟ್ಟರು. ದುಬೈಯ ಅಲ್ ನಹ್ದಾದಲ್ಲಿರುವ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಂದು ಜೊತೆ ಚಪ್ಪಲಿ ಜಾಸ್ತಿಯಾದರೂ ಕಾಲಿಗೆ ತಾಗುತ್ತದೆ. ಆದರೂ ಅದನ್ನು ನಾನು ಮಂಚದ ಕೆಳಗೆ ತಳ್ಳಿಲ್ಲ. ಅದು ನಮ್ಮ ಸಿಸ್ಟರ್ ಅವರದ್ದು. ಎಲ್ಲಿ ಬೇಕಾದರೂ ಇಡು, ಮಂಚದ ಕೆಳಗೆ ಮಾತ್ರ ಇಡಬೇಡ ಎಂದು ಅಪ್ಪಣೆ ಮಾಡಿ ಹೋಗಿದ್ದಾರೆ.

ಇಡೀ ಕಟ್ಟಡ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿತ್ತು. ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್, ಅಲ್ಲಿಯ ಮೂಳೆ ವಾರ್ಡಿಗೆ ಅವರೇ ಯಜಮಾನಿ. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನಾನು ಉಡುಪಿಯ ತುಳು ಮನೆಮಾತಿನವಳು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯಲ್ಲಿ ಕಾಗದಪತ್ರ ನೋಡಿಕೊಳ್ಳುವವಳು. ನಮ್ಮಿಬ್ಬರ ಬಾಗಿಲು ಎದುರುಬದುರು. ನಾವು ಮಾತಾಡುತ್ತಿದ್ದುದು ಕನ್ನಡ, ತುಳು, ಇಂಗ್ಲಿಷು ಎಲ್ಲ ಸೇರಿದ ಒಂದು ಕಲಸುಮೇಲೋಗರ. ಸಿಟ್ಟು ಬಂದಾಗ ಮಾತ್ರ ಅವರು ಶುದ್ಧ ಕೊಂಕಣಿಗೆ ಇಳಿಯುತ್ತಿದ್ದರು, ನಾನು ಶುದ್ಧ ತುಳುವಿಗೆ. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು.

ಅವರಿಗೊಂದು ಅಭ್ಯಾಸ. ಯಾರ ಜೊತೆ ಮಾತಾಡುವಾಗಲೂ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುವುದು. ಪ್ರೀತಿಗೆ ಅಂದುಕೊಂಡರೆ ಕೆಟ್ಟೆವು. ಬೆರಳು ಸರಿಯಾಗಿ ನಾಡಿಯ ಮೇಲೆಯೇ ಇರುತ್ತಿತ್ತು. ಲಿಫ್ಟಿನಲ್ಲಿ ಮೇಲೆ ಹೋಗುವಷ್ಟರಲ್ಲಿ ನಾಡಿ ನೋಡಿ, "ಇವತ್ತು ಆಫೀಸಲ್ಲಿ ಯಾರ ಹತ್ತಿರ ಜಗಳ ಮಾಡಿದ್ದು?" ಎಂದು ಕೇಳುವರು. ನಾನು ಯಾರ ಹತ್ತಿರವೂ ಇಲ್ಲ ಎಂದರೆ, "ನಾಡಿ ಹಾಗೆ ಹೇಳುದಿಲ್ಲ ಬಾಯೆ," ಎನ್ನುವರು. ಬಾಯೆ ಅಂದರೆ ಕೊಂಕಣಿಯಲ್ಲಿ ಹುಡುಗೀ ಎಂದ ಹಾಗೆ. ಅವರ ಎದುರು ಸುಳ್ಳು ಹೇಳಿ ಯಾರೂ ಬಚಾವಾದದ್ದಿಲ್ಲ. ಕಟ್ಟಡದ ಕಾವಲುಗಾರ ಅವರು ಬರುವುದು ಕಂಡರೆ ಎರಡೂ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ.

ಕಾಲು ಮುರಿದು ಮಲಗಿದ ರೋಗಿಗಳಿಗೆಲ್ಲ ಅವರದ್ದು ಒಂದೇ ಮಂತ್ರ: "ಮೊದಲು ಕೂತ್ಕೊಳ್ಳಿ. ಮತ್ತೆ ನಿಂತ್ಕೊಳ್ಳಿ. ದೊಡ್ಡ ದೊಡ್ಡ ಮಾತು ಆಮೇಲೆ." ಇದನ್ನು ಅರಬರಿಗೆ ಅರಬಿಯಲ್ಲಿ, ಪಠಾಣರಿಗೆ ಹಿಂದಿಯಲ್ಲಿ, ಇಂಗ್ಲಿಷರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರಂತೆ. ನಮ್ಮ ಕಂಪನಿಯ ದೊಡ್ಡ ಮ್ಯಾನೇಜರನೊಬ್ಬ ಸೊಂಟ ಮುರಿದುಕೊಂಡು ಅವರ ವಾರ್ಡಿಗೆ ಹೋಗಿ ಬಂದಮೇಲೆ ಮೀಟಿಂಗಿನಲ್ಲಿ ಧ್ವನಿ ಎತ್ತುವುದನ್ನೇ ಬಿಟ್ಟ. ಅವರು ಏನು ಮಾಡಿದರೋ ದೇವರಿಗೇ ಗೊತ್ತು.

ಇಂಥವರು ಅರವತ್ತರ ಹತ್ತಿರ ಬಂದಾಗ ಸಮುದ್ರಕ್ಕೆ ಹಾರಿದರು. ಹುಡುಗಾಟದ ಮಾತಲ್ಲ, ನಿಜವಾಗಿಯೂ ಹಾರಿದರು.

ಆಗಿದ್ದಿಷ್ಟು. ವಾರ್ಡಿಗೆ ಒಬ್ಬ ತರುಣ ಪಾದದ ಗಂಟು ಮುರಿದುಕೊಂಡು ಬಂದ. ಯಾವುದಪ್ಪಾ ಈ ಕಾಲು ಮುರಿಯುವ ಆಟ ಎಂದು ಸಿಸ್ಟರ್ ಗದರಿದಾಗ ಅವನು ಫೋನಿನಲ್ಲಿ ತೋರಿಸಿದ. ಒಂದು ಹಲಗೆಯ ಮೇಲೆ ಮನುಷ್ಯ ನಿಂತಿದ್ದಾನೆ, ಕೈಯಲ್ಲಿ ಗಾಳಿ ತುಂಬಿದ ಹಾಯಿ ಹಿಡಿದಿದ್ದಾನೆ, ಹಲಗೆ ನೀರಿಗೆ ತಾಗುತ್ತಲೇ ಇಲ್ಲ. ನೀರಿನಿಂದ ಮೊಣಕಾಲೆತ್ತರ ಮೇಲೆ ಸದ್ದಿಲ್ಲದೆ ಹೋಗುತ್ತಿದೆ. ಆ ಸಂಜೆ ಸಿಸ್ಟರ್ ನಮ್ಮ ಬಾಗಿಲು ಬಡಿದು, ಒಳಗೂ ಬಾರದೆ, ನನ್ನ ಮಣಿಕಟ್ಟು ಹಿಡಿದು ಹೇಳಿದರು: "ನೀರಿನ ಮೇಲೆ ಅಲ್ಲ ಬಾಯೆ, ನೀರನ್ನೇ ಬಿಟ್ಟು! ನನಗೆ ಅದು ಆಗಬೇಕು."

"ಸಿಸ್ಟರ್, ನಿಮಗೆ ಮಂಡೆ ಸಮ ಉಂಟಾ?" ಎಂದೆ.

"ಮಂಡೆ ಸಮ ಉಂಟು. ಈಜು ಬರುದಿಲ್ಲ, ಅಷ್ಟೇ."

ಕಡಲ ಪಕ್ಕದಲ್ಲೇ ಹುಟ್ಟಿದವರು ಅವರು. ಅಂಗಳದಿಂದ ಅಲೆ ಕಾಣುತ್ತಿತ್ತಂತೆ. ಆದರೆ ಹುಡುಗಿಯರು ಪಾದ ಒದ್ದೆ ಮಾಡಿಕೊಂಡು ವಾಪಸ್ ಬರಬೇಕು, ಅದಕ್ಕಿಂತ ಮುಂದೆ ಹೋದರೆ ಬೈಗಳು. ತಮ್ಮಂದಿರು ಮೀನಿನಂತೆ ಈಜುತ್ತಿದ್ದರೆ ಇವರು ದಡದಲ್ಲಿ ಅವರ ಅಂಗಿಗಳನ್ನು ಕಾಯುತ್ತ ಕೂರುತ್ತಿದ್ದರು. ಇದನ್ನು ಅವರು ಅಳುತ್ತ ಹೇಳಿದ್ದಲ್ಲ, ಭಯಂಕರ ಸಿಟ್ಟಿನಿಂದ ಹೇಳಿದ್ದು. ನಮ್ಮ ಕಟ್ಟಡದ ಮಾಳಿಗೆಯ ಈಜುಕೊಳದಲ್ಲಿ ಚಿಕ್ಕ ಮಕ್ಕಳ ಜೊತೆ ಅವರು ಈಜು ಕಲಿತರು. ಮಕ್ಕಳು ತೋಳಿಗೆ ಗಾಳಿಚೀಲ ಕಟ್ಟಿಕೊಂಡು ಕೇಕೆ ಹಾಕುತ್ತಿದ್ದರೆ, ಇವರು ಟೋಪಿ ಹಾಕಿಕೊಂಡು ಗಂಭೀರವಾಗಿ ಕಾಲು ಬಡಿಯುತ್ತಿದ್ದರು. ಈಜು ಬಂತು. ನಂತರ ಜುಮೇರಾ ಕಡೆಯ ಒಂದು ಬೀಚಿನಲ್ಲಿ ಈ ಆಟ ಕಲಿಸುವ ಈಜಿಪ್ಟಿನವನೊಬ್ಬನನ್ನು ಹುಡುಕಿಕೊಂಡರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಹೀಗಾಗಿ ನನ್ನ ಶನಿವಾರಗಳು ಸಮುದ್ರಪಾಲಾದವು.

ಈಜಿಪ್ಟಿನವನು ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. ವಾರವಿಡೀ ರಾಸ್ ಅಲ್ ಖೋರ್‌ನಲ್ಲಿ ಗ್ಯಾರೇಜುಗಳ ನಡುವೆ ಇದೇ ಆಟದ ಸಾಮಾನಿನ ಅಂಗಡಿ ನಡೆಸುತ್ತಿದ್ದ, ವಾರಾಂತ್ಯದಲ್ಲಿ ಕಡಲಿಗೆ ಬಂದು ಕಲಿಸುತ್ತಿದ್ದ. ಸಿಸ್ಟರನ್ನು ಮೊದಲ ದಿನದಿಂದಲೇ 'ಯಾ ಮಾಮಾ' ಎಂದು ಕರೆದ. ಅಮ್ಮಾ ಎಂದ ಹಾಗೆ. ದೇಶ ಬಿಟ್ಟು ಹೋಗುತ್ತಿದ್ದ ಫ್ರೆಂಚ್ ಕುಟುಂಬವೊಂದರ ಹಳೆಯ ಸೆಟ್ಟನ್ನು ಅವನೇ ಸಿಸ್ಟರ್‌ಗೆ ಕೊಡಿಸಿದ. ಗಾಳಿ ತುಂಬಿಸುವ ಹಲಗೆ, ಹಾಯಿ, ಹಲಗೆಯ ಅಡಿಯಿಂದ ನೀರಿನೊಳಗೆ ಇಳಿಯುವ ಕಂಬ, ಎರಡು ರೆಕ್ಕೆ. ಇವೆಲ್ಲ ಚೆನ್ನಾಗಿದ್ದವು. ಕಂಬದ ಬುಡಕ್ಕೆ ಅಡ್ಡಲಾಗಿ ಕೂರುವ ಸರಳು ಮಾತ್ರ ಉಪ್ಪು ಹಿಡಿದು ಹಾಳಾಗಿತ್ತು. ಅದರ ಹೆಸರು ಫ್ಯೂಸಲಾಜ್, ವಿಮಾನದ ಒಡಲಿಗೆ ಹೇಳುವ ಹಾಗೆಯೇ. ಅದರ ಮುಂದಿನ ತುದಿಗೆ ದೊಡ್ಡ ರೆಕ್ಕೆ, ಹಿಂದಿನ ತುದಿಗೆ ಪುಟ್ಟ ರೆಕ್ಕೆ. ಹಲಗೆಯನ್ನು ಎತ್ತುವುದು ರೆಕ್ಕೆಯಾದರೂ, ಎತ್ತಿದ ಮೇಲೆ ಅದು ನೆಟ್ಟಗೆ ಹೋಗುತ್ತದೋ, ಕುದುರೆಯ ಹಾಗೆ ಕುಣಿಯುತ್ತದೋ ಎಂಬುದನ್ನು ನಿರ್ಧರಿಸುವುದು ಈ ಸರಳಿನ ಉದ್ದ. ಸಿಸ್ಟರ್ ಅದನ್ನು 'ದಾಂಡೊ' ಎನ್ನುತ್ತಿದ್ದರು. ಕೊಂಕಣಿಯಲ್ಲಿ ಕೋಲು.

ಹೊಸ ದಾಂಡೊ ಕೊಳ್ಳಲು ನಾವು ರಾಸ್ ಅಲ್ ಖೋರ್‌ಗೆ ಹೋದೆವು. ಗೋಡೆಯ ಮೇಲೆ ಬೇರೆ ಬೇರೆ ಉದ್ದದ ಮೂರು ನೇತಾಡುತ್ತಿದ್ದವು. ಈಜಿಪ್ಟಿನವನು ಉದ್ದನೆಯದನ್ನು ಇಳಿಸಿ ಸಿಸ್ಟರ್ ಕೈಗಿಟ್ಟ. "ಯಾ ಮಾಮಾ, ದಿಸ್ ವನ್. ಲಾಂಗ್, ಸೇಫ್, ಮಾಫಿ ಮುಶ್ಕಿಲ್," ಎಂದ. ತೊಂದರೆಯೇ ಇಲ್ಲ ಎಂದು. ಸಿಸ್ಟರ್ ಅದನ್ನು ಮೇಲೆ ಕೆಳಗೆ ನೋಡಿದರು. ಆಮೇಲೆ ತಮ್ಮ ಕೈಚೀಲದಿಂದ ಒಂದು ವಸ್ತು ಹೊರತೆಗೆದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅದು ಲಗೇಜು ತೂಗುವ ಕೊಕ್ಕೆ.

ಗಲ್ಫಿನಲ್ಲಿರುವ ನಮ್ಮವರ ಮನೆಯಲ್ಲಿ ದೇವರ ಪಟ ಇಲ್ಲದಿರಬಹುದು, ಈ ಕೊಕ್ಕೆ ಇಲ್ಲದಿರುವುದಿಲ್ಲ. ಮಂಚದ ಕೆಳಗೆ ಊರಿಗೆ ಹೋಗುವ ಸೂಟ್‌ಕೇಸ್ ಇರುತ್ತದೆ. ಅದು ವರ್ಷವಿಡೀ ತುಂಬುತ್ತಾ ಇರುತ್ತದೆ. ಹಾಲಿನ ಪುಡಿ, ಪಿಸ್ತಾ, ಖರ್ಜೂರ, ಸೆಂಟು, ಟಾರ್ಚು, ಸಾಬೂನು. ಯಾವ ಅಂಗಡಿಗೆ ಹೋದರೂ, ಯಾವ ವಸ್ತು ಕಂಡರೂ, ನಮ್ಮ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಇದು ಚೆನ್ನಾಗಿದೆಯೇ ಎಂಬುದಲ್ಲ, ಇದಕ್ಕೆ ಎಷ್ಟು ತೂಕ ಎಂಬುದು. ಇಲ್ಲಿ ನಾವು ತಾತ್ಕಾಲಿಕ, ಮನೆ ಊರಿನಲ್ಲಿ, ಬದುಕು ಆಮೇಲೆ. ನನ್ನ ಅಡುಗೆಮನೆಯಲ್ಲೇ ಊರಿನ ಮನೆಗೆಂದು ಇಟ್ಟ ಹೊಸ ಪಾತ್ರೆಗಳು ಡಬ್ಬಿ ಬಿಚ್ಚದೆ ಕೂತಿವೆ, ನಾವು ಹಿಡಿ ಮುರಿದ ಬಾಣಲೆಯಲ್ಲಿ ಒಗ್ಗರಣೆ ಹಾಕುತ್ತೇವೆ.

ಸಿಸ್ಟರ್ ಮೂರೂ ದಾಂಡೊಗಳನ್ನು ಒಂದೊಂದಾಗಿ ಕೊಕ್ಕೆಗೆ ಸಿಕ್ಕಿಸಿ ತೂಗಿದರು. ನಿವೃತ್ತಿಯಾದ ಮೇಲೆ ಇಡೀ ಸೆಟ್ಟನ್ನು ಊರಿಗೆ ಒಯ್ದು ನಮ್ಮ ಕಡಲಲ್ಲಿ ಆಡುವುದೆಂದು ಅವರ ಲೆಕ್ಕ. ಹಲಗೆ, ಹಾಯಿ, ಕಂಬ, ರೆಕ್ಕೆ ಎಲ್ಲ ಮನೆಯಲ್ಲೇ ತೂಗಿ ಬಂದಿದ್ದರು. ವಿಮಾನದವರು ಬಿಡುವ ತೂಕದಲ್ಲಿ ಉಳಿದದ್ದು ಚೂರೇ ಚೂರು. ಆ ಚೂರಿಗೆ ಹೊಂದುತ್ತಿದ್ದುದು ಎಲ್ಲಕ್ಕಿಂತ ಗಿಡ್ಡದ್ದು.

"ಇದೇ," ಎಂದರು.

ಈಜಿಪ್ಟಿನವನು ತಲೆಗೆ ಕೈ ಹಚ್ಚಿದ. "ಯಾ ಮಾಮಾ, ಗಿಡ್ಡದ್ದಕ್ಕೆ ಕಿವಿ ಜಾಸ್ತಿ," ಎಂದು ಅರೆ ಹಿಂದಿ ಅರೆ ಇಂಗ್ಲಿಷಿನಲ್ಲಿ ತಿಳಿಹೇಳಿದ. "ನೀನು ಕಾಲಿನ ಬೆರಳು ಅಲ್ಲಾಡಿಸಿದರೂ ಅದಕ್ಕೆ ಕೇಳಿಸ್ತದೆ, ತಕ್ಷಣ ಕುಣೀತದೆ. ಅಲೆಯ ಮೇಲೆ ಗಿರಗಿರ ತಿರುಗುವವರಿಗೆ ಅದು. ಉದ್ದದ್ದು ಸ್ವಲ್ಪ ಕಿವುಡು. ನಿನ್ನ ತಪ್ಪು ಕೇಳಿಸಿಕೊಳ್ಳುವುದೇ ಇಲ್ಲ, ನೆಟ್ಟಗೆ ಹೋಗ್ತದೆ. ಕಲಿಯುವವರಿಗೆ ಕಿವುಡೇ ಒಳ್ಳೇದು."

"ನನ್ನ ವಾರ್ಡಿನಲ್ಲಿ ಕಿವುಡರು ಬೇಕಾದಷ್ಟಿದ್ದಾರೆ," ಎಂದರು ಸಿಸ್ಟರ್. "ಗಿಡ್ಡದ್ದನ್ನೇ ಕಟ್ಟು."

"ಖಲಾಸ್," ಎಂದು ಅವನು ಕೈ ಎತ್ತಿದ. ಮುಗಿಯಿತು ಮಾತು.

ಆಮೇಲೆ ಶುರುವಾಯಿತು ಬೀಳುವ ಕಾಲ. ಎಂಥ ಬೀಳುವುದು ಅಂತೀರಿ! ಎದೆಮಟ್ಟ ನೀರಿಗೆ ನಡೆದುಹೋಗಿ ಹಲಗೆ ಹತ್ತಿ ಮಂಡಿಯೂರುವುದು, ಹಾಯಿ ಎತ್ತುವುದು, ನಿಲ್ಲುವುದು, ವೇಗ ಹಿಡಿಯುವುದು. ಅಲ್ಲಿಯವರೆಗೆ ಚಂದ. ಹಲಗೆ ನೀರಿನಿಂದ ಎದ್ದಿತೋ, ಮೂತಿ ಮೇಲೆ ಮಾಡುವುದು, ಇವರು ಗಾಬರಿಯಿಂದ ಮುಂದೆ ಬಾಗುವುದು, ಅದು ಮೂತಿ ಕೆಳಗೆ ಮಾಡಿ ದಬಕ್ಕನೆ ಮುಳುಗುವುದು, ಇವರು ಹೆಲ್ಮೆಟ್ಟು ಜಾಕೆಟ್ಟಿನ ಸಮೇತ ಅದರ ಮೇಲಿಂದ ಹಾರಿ ಬೀಳುವುದು. ನಾನು ಮರಳಿನಲ್ಲಿ ಕೊಡೆ ಹಿಡಿದು ಕೂತು ವಿಡಿಯೋ ತೆಗೆಯುತ್ತಿದ್ದೆ. ಯಾವ ವಿಡಿಯೋ ಯಾವ ದಿನದ್ದೆಂದು ಈಗ ಹೇಳಲಾರೆ, ಎಲ್ಲದರಲ್ಲೂ ಒಂದೇ ಚಿತ್ರ, ಒಂದೇ ಕೂಗು: "ಜೆಜು ಮರಿ!" ಎಂದು ಏಸು, ಮೇರಿಯಮ್ಮನನ್ನು ಕರೆಯುವುದು, ಮತ್ತು ದಬಕ್.

ಮೇಲೆ ಬಂದವರು ಬಾಯಿಂದ ಉಪ್ಪುನೀರು ಉಗಿದು, "ಮೊದಲು ಕೂತ್ಕೊಳ್ಳಿ, ಮತ್ತೆ ನಿಂತ್ಕೊಳ್ಳಿ," ಎಂದು ತಮಗೆ ತಾವೇ ಗದರಿಕೊಂಡು ಪುನಃ ಹತ್ತುತ್ತಿದ್ದರು. ಬೀಚಿನ ತರುಣ ತರುಣಿಯರು ಅವರನ್ನು ಹುರಿದುಂಬಿಸುತ್ತಿದ್ದರು, ಕೆಲವರು ಹಿಂದಿನಿಂದ ನಗುತ್ತಲೂ ಇದ್ದರು. ಇಡೀ ಚಳಿಗಾಲ ಹೀಗೇ ಕಳೆಯಿತು. ಬೇಸಿಗೆಯಲ್ಲಿ ಬೀಚಿಗೆ ಕಾಲಿಡುವಂತಿಲ್ಲ. ಮರು ಚಳಿಗಾಲವೂ ಬಂತು, ದಬಕ್ ನಿಲ್ಲಲಿಲ್ಲ. ಅಷ್ಟರಲ್ಲಿ ಅವರ ನಿವೃತ್ತಿ ಹತ್ತಿರ ಬಂತು. ಗಾಳಿಯ ಕಾಲ ಮುಗಿಯುವುದೂ, ಅವರ ವೀಸಾ ರದ್ದಾಗುವುದೂ ಒಂದೇ ಹೊತ್ತಿಗೆ.

ಅವರಿಗೆ ಬೇಕಿದ್ದುದು ದೊಡ್ಡದೇನೂ ಅಲ್ಲ. ದಡದಿಂದ ಹೊರಟು, ಈಜುವವರ ಗಡಿಗೆಂದು ಕಟ್ಟಿದ ಹಳದಿ ತೇಲುಬುರುಡೆಯನ್ನು ಒಮ್ಮೆ ಸುತ್ತಿ, ಬೀಳದೆ ದಡಕ್ಕೆ ವಾಪಸ್ ಬರುವುದು. ಒಂದೇ ಒಂದು ಸಲ. "ಅಷ್ಟು ಮಾಡದೆ ನಾನು ಇಲ್ಲಿಂದ ಹೋಗುದಿಲ್ಲ," ಎಂದು ಎದೆ ತಟ್ಟಿ ಹೇಳುತ್ತಿದ್ದವರು, ಬರಬರುತ್ತ, "ಇಲ್ಲಿ ಆಗದಿದ್ದರೆ ಊರಲ್ಲಿ ಮಾಡಿದರಾಯ್ತು. ನಮ್ಮಲ್ಲಿ ಕಡಲು ಇಲ್ಲವಾ?" ಎನ್ನತೊಡಗಿದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಸಿಟ್ಟು ಬಂತು. ನಾವೆಲ್ಲ ಹೇಳಿಕೊಳ್ಳುವುದು ಅದನ್ನೇ, ಇವರೂ ಅದೇ ಹೇಳುವುದಾ ಎಂದು.

ಒಂದು ಶುಕ್ರವಾರ ಸಂಜೆ ನನ್ನನ್ನು ಕರೆದರು, ಪ್ಯಾಕಿಂಗಿನ ತಾಲೀಮಿಗೆ. ಹೋಗುವುದಕ್ಕೆ ಇನ್ನೂ ವಾರಗಳಿದ್ದರೂ ಒಮ್ಮೆ ತುಂಬಿ ನೋಡಬೇಕಂತೆ. ಸೂಟ್‌ಕೇಸಿನ ತಳದಲ್ಲಿ ಮಡಚಿದ ಹಲಗೆ, ಮೇಲೆ ರೆಕ್ಕೆ, ಕಂಬ, ಗಿಡ್ಡ ದಾಂಡೊ. ಸಂದಿಗಳಲ್ಲೆಲ್ಲ ತಮ್ಮನ ಮನೆಯವರಿಗೆ ಸೆಂಟು, ಸಾಬೂನು, ಪಿಸ್ತಾ. ಮುಚ್ಚಳದ ಮೇಲೆ ನಾನು ಕೂತೆ, ಅವರು ಜಿಪ್ಪು ಎಳೆದರು. ಅಷ್ಟರಲ್ಲಿ ತಮ್ಮನ ವಿಡಿಯೋ ಕಾಲ್ ಬಂತು. ಸಿಸ್ಟರ್ ಉತ್ಸಾಹದಿಂದ ಜಿಪ್ಪು ಬಿಚ್ಚಿ ಫೋನನ್ನು ಪೆಟ್ಟಿಗೆಯ ಕಡೆ ತಿರುಗಿಸಿದರು.

ತಮ್ಮ ಒಳ್ಳೆಯವರೇ, ಅಕ್ಕನ ಮೇಲೆ ಪ್ರಾಣ. ಅವರು ಜೋರಾಗಿ ನಕ್ಕರು. ಆ ಕಬ್ಬಿಣದ ಸಾಮಾನು ಎಂತಕ್ಕೆ, ಇಲ್ಲಿ ಈ ಪ್ರಾಯದಲ್ಲಿ ಸಮುದ್ರಕ್ಕೆ ಇಳಿದರೆ ಇಗರ್ಜಿಯಲ್ಲಿ ಜನ ಏನು ಹೇಳಿಯಾರು, ಅದರ ಬದಲು ಒಂದು ಏರ್ ಫ್ರೈಯರ್ ತಾ ಎಂದು ಕೊಂಕಣಿಯಲ್ಲಿ ಹೇಳಿದರು. ಆಮೇಲೆ, ನೀನು ಬಂದು ಆರಾಮಾಗಿ ಜಗಲಿಯಲ್ಲಿ ಕೂತ್ಕೊ, ನಾವು ನೋಡಿಕೊಳ್ತೇವೆ ಎಂದೂ ಸೇರಿಸಿದರು. ಮನಸಾರೆ ಹೇಳಿದ್ದೇ ಅದು.

ಸಿಸ್ಟರ್ ಫೋನ್ ಇಟ್ಟರು. ಪೆಟ್ಟಿಗೆಯ ಕಡೆ ತಿರುಗಿದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಅವರು ಕೈ ಎತ್ತಿ ತಡೆದರು.

"ಅಲ್ಲ ಬಾಯೆ," ಎಂದರು. "ನಾನು ಇದನ್ನು ಅಲ್ಲಿ ಆಡ್ಲಿಕ್ಕೆ ಉಂಟಾ?"

"ಇಲ್ಲ ಸಿಸ್ಟರ್," ಎಂದೆ. ಅವರ ಎದುರು ಸುಳ್ಳು ನಡೆಯುವುದಿಲ್ಲವಲ್ಲ.

"ಇಲ್ಲ," ಎಂದು ಅವರೂ ಹೇಳಿದರು. "ಮತ್ತೆ ಇಷ್ಟು ದಿನ ನಾನು ಬಿದ್ದದ್ದು ಯಾರಿಗೆ? ಈ ಪೆಟ್ಟಿಗೆಗಾ? ಅಂಗಿ ಕಾಯ್ತಾ ಕೂತವಳು ನಾನು ಆಗ. ಈಗಲೂ ಅದೇ ಮಾಡಿದೆ!"

ಕಣ್ಣಲ್ಲಿ ನೀರಿತ್ತು, ಆದರೆ ಮುಖದಲ್ಲಿದ್ದುದು ವಾರ್ಡಿನಲ್ಲಿ ರೌಂಡ್ಸಿಗೆ ಹೊರಟಾಗಿನ ಬಿಗಿ. ಹಲಗೆ, ರೆಕ್ಕೆ, ಕಂಬ ಎಲ್ಲವನ್ನೂ ಪೆಟ್ಟಿಗೆಯಿಂದ ಎತ್ತಿ ಎತ್ತಿ ನೆಲಕ್ಕಿಟ್ಟರು. ಕೊನೆಗೆ ಲಗೇಜಿನ ಕೊಕ್ಕೆಯನ್ನು ಹಿಡಿದು ಕಾರಿಡಾರಿಗೆ ನಡೆದರು. ಕಸ ಹಾಕುವ ಕಿಂಡಿಯ ಬಾಗಿಲು ತೆರೆದು ಒಳಗೆ ಎಸೆದರು. ಅದು ಮಹಡಿ ಮಹಡಿಗೂ ಟಣ್ ಟಣ್ ಎನ್ನುತ್ತ ಕೆಳಗೆ ಹೋಗುವುದನ್ನು ಇಬ್ಬರೂ ಕಿವಿಗೊಟ್ಟು ಕೇಳಿದೆವು. ಅದರ ಸದ್ದು ನಿಂತ ಮೇಲೆ ಸಿಸ್ಟರ್, "ಖಲಾಸ್. ನಾಳೆ ರಾಸ್ ಅಲ್ ಖೋರ್," ಎಂದರು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅವರು ಗಿಡ್ಡ ದಾಂಡೊವನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟು, "ಎಲ್ಲಕ್ಕಿಂತ ಉದ್ದದ್ದು ಕೊಡು. ತೂಕ ಹೇಳಬೇಡ," ಎಂದರು. ಈಜಿಪ್ಟಿನವನು ಮೇಜಿನ ಈಚೆ ಬಂದು ಅವರ ತಲೆಗೆ ಮುತ್ತಿಟ್ಟ. ಬೋಲ್ಟುಗಳಿಗೆ ಗ್ರೀಸು ಹಚ್ಚಿ, ಆ ಉದ್ದನೆಯದನ್ನು ಅವನೇ ಕಂಬಕ್ಕೆ ಬಿಗಿದುಕೊಟ್ಟ. ಪ್ರತಿ ಸಲ ಸಿಹಿನೀರಿನಲ್ಲಿ ತೊಳಿ ಮಾಮಾ, ಇಲ್ಲದಿದ್ದರೆ ಉಪ್ಪು ತಿಂದುಹಾಕ್ತದೆ ಎಂದು ಎಚ್ಚರಿಸಿದ.

ಅದೇ ಮಧ್ಯಾಹ್ನ ಅವರು ಎದ್ದರು. ಸುಳ್ಳಲ್ಲ, ಮೊದಲನೇ ಯತ್ನದಲ್ಲೇ! ಹಲಗೆ ನೀರು ಬಿಟ್ಟಿತು, ಕುಣಿಯಲಿಲ್ಲ, ಮೂತಿ ಎತ್ತಲಿಲ್ಲ. ಸಿಸ್ಟರ್ ಗಟ್ಟಿ ನಿಂತುಕೊಂಡು ಹೋದರು, ಹೋದರು, ಹೋಗುತ್ತಲೇ ಇದ್ದರು. ಹಳದಿ ಬುರುಡೆ ಹಿಂದೆ ಉಳಿಯಿತು. ನಾನು ಕೊಡೆ ಎಸೆದು ಎದ್ದು ನಿಂತೆ. ಕಿವುಡು ದಾಂಡೊಗೆ ತಪ್ಪೂ ಕೇಳಿಸುವುದಿಲ್ಲ, ತಿರುಗು ಎಂದರೂ ಕೇಳಿಸುವುದಿಲ್ಲ ಎಂಬುದು ನಮಗೆ ಆಗ ತಿಳಿಯಿತು. ಕೊನೆಗೆ ಈಜಿಪ್ಟಿನವನು ದೋಣಿ ತೆಗೆದುಕೊಂಡು ಹೋಗಿ ಅವರನ್ನು ಎಳೆದು ತಂದ. ದಡಕ್ಕೆ ಬಂದ ಸಿಸ್ಟರ್ ಕುಣಿಯುತ್ತಿದ್ದರು. "ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ನಾನು ಇರಾನಿಗೇ ಮುಟ್ಟುತ್ತಿದ್ದೆ ಮಾರಾಯ್ತಿ!"

ತಿರುಗಿಸುವುದು ಹೇಗೆ ಎಂಬ ಚಿಂತೆ ಅವರನ್ನು ಒಂದು ವಾರ ಕಾಡಿತು. ಈಜಿಪ್ಟಿನವನು ನಡುವಿನ ಉದ್ದದ್ದು ಕೊಡುತ್ತೇನೆ ಎಂದ. ಸಿಸ್ಟರ್ ಬೇಡವೆಂದರು. ವಾರದ ನಡುವೆ ಒಂದು ದಿನ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದು, ಊಟದ ಮೇಜಿನ ಮೇಲಿದ್ದ ಟ್ರೇ ಹಿಡಿದು ತೋರಿಸಿದರು. "ನೋಡು, ಇದು ರೋಗಿಯ ಮಂಚ. ಕಾರಿಡಾರಿನ ಮೂಲೆ ಬಂದಮೇಲೆ ತಿರುಗಿಸಿದರೆ ಗೋಡೆಗೆ ಹೊಡೀತದೆ, ರೋಗಿ ಬೊಬ್ಬೆ ಹಾಕ್ತಾನೆ. ಮೂಲೆ ಬರುವ ಮೊದಲೇ ಶುರು ಮಾಡಬೇಕು, ಅಗಲಕ್ಕೆ, ನಿಧಾನಕ್ಕೆ. ಕಣ್ಣು ಮೂಲೆಯಲ್ಲಿ ಅಲ್ಲ, ಹೋಗುವ ಬಾಗಿಲಲ್ಲಿ. ನಾನು ಜೀವಮಾನವಿಡೀ ತಿರುಗಿಸಿದ್ದು ಅದನ್ನೇ ಅಲ್ಲವಾ?"

ನನ್ನ ಮಗಳು ಫೋನಿನಿಂದ ತಲೆಯೆತ್ತಿ, "ಆಂಟಿ, ದಟ್ ಆಕ್ಚುಲಿ ಮೇಕ್ಸ್ ಸೆನ್ಸ್," ಎಂದಳು. ನಮ್ಮ ಮನೆಯಲ್ಲಿ ಹಿರಿಯರೊಬ್ಬರ ಮಾತಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು.

ಕೊನೆಯ ಶನಿವಾರ ಬಂತು. ಅವರ ಕೆಲಸದ ಕೊನೆಯ ದಿನ ಕಳೆದಿತ್ತು, ಟಿಕೆಟ್ ಆಗಿತ್ತು. ಬೀಚಿಗೆ ವಾರ್ಡಿನ ನರ್ಸುಗಳು ಒಂದು ವ್ಯಾನು ತುಂಬ ಬಂದಿದ್ದರು, ನಮ್ಮ ಕಟ್ಟಡದವರು ಬಿರಿಯಾನಿ ಕಟ್ಟಿಕೊಂಡು ಬಂದಿದ್ದರು. ಗಾಳಿ ಮಾತ್ರ ಬಂದಿರಲಿಲ್ಲ. ಕಡಲು ತಟ್ಟೆಯಲ್ಲಿ ಹೊಯ್ದ ಎಣ್ಣೆಯ ಹಾಗೆ ಮಲಗಿತ್ತು. ಊಟವಾಯಿತು, ಹರಟೆಯಾಯಿತು, ಫೋಟೋ ಆಯಿತು. ಸಿಸ್ಟರ್ ಹೆಲ್ಮೆಟ್ಟು ಬಿಗಿದುಕೊಂಡು ಮರಳಿನಲ್ಲಿ ಕೂತು ನೀರನ್ನೇ ನೋಡುತ್ತಿದ್ದರು. ನಾನು ದೇವಸ್ಥಾನದ ಹರಕೆಯೊಂದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮೇರಿಯಮ್ಮನಿಗೂ ಒಂದು ಮೇಣದ ಬತ್ತಿ ಹೇಳಿಕೊಂಡೆ, ಸಮುದ್ರ ಯಾರ ಸುಪರ್ದಿಯೋ ಯಾರಿಗೆ ಗೊತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾವುಟ ಅಲ್ಲಾಡಿತು. ಈಜಿಪ್ಟಿನವನು ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು, "ಯಲ್ಲಾ ಮಾಮಾ, ಯಲ್ಲಾ!" ಎಂದು ಕಿರುಚಿದ. ಹೊರಡು, ಬೇಗ ಎಂದು.

ಅವರು ನಡೆದು ಹೋದರು. ಹಲಗೆಯ ಮೇಲೆ ಕೂತರು. ಮಂಡಿಯೂರಿದರು. ನಿಂತರು. ಹಾಯಿ ಉಬ್ಬಿತು, ಹಲಗೆ ಓಡಿತು, ಮತ್ತೆ ನೀರು ಬಿಟ್ಟು ಎದ್ದಿತು. ಬುರುಡೆ ಇನ್ನೂ ದೂರವಿರುವಾಗಲೇ ಅವರು ತಲೆ ತಿರುಗಿಸಿ ದಡದ ಕಡೆ ನೋಡಲು ಶುರು ಮಾಡಿದ್ದು ನನಗೆ ಕಂಡಿತು. ಬಾಗಿಲು ನೋಡುತ್ತಿದ್ದಾರೆ ಎಂದುಕೊಂಡೆ. ಹಲಗೆ ಅವಸರವಿಲ್ಲದೆ, ದೊಡ್ಡ ವೃತ್ತದಲ್ಲಿ, ಒಂದು ಚೂರೂ ಅಲುಗದೆ ತಿರುಗತೊಡಗಿತು. ಒಂದು ಗಳಿಗೆ ಹಾಯಿ ಸತ್ತಂತೆ ಜೋತುಬಿತ್ತು, ಅಯ್ಯೋ ಹೋಯಿತು ಎಂದುಕೊಂಡೆ. ಅವರು ಅದನ್ನು ಕೈ ಬದಲಿಸಿ ಎತ್ತಿ ಹಿಡಿದರು. ದಾಂಡೊ ಆ ನಡುಕವನ್ನು ಕೇಳಿಸಿಕೊಳ್ಳಲೇ ಇಲ್ಲ. ಹಲಗೆ ಬುರುಡೆಯನ್ನು ಸುತ್ತಿ ಈಚೆ ಮುಖ ಮಾಡಿತು.

ಆಗ ಬಿತ್ತು ನೋಡಿ ಬೊಬ್ಬೆ! ನರ್ಸುಗಳು ಮಲಯಾಳದಲ್ಲಿ ಕೂಗಿದರು, ನಾನು ತುಳುವಿನಲ್ಲಿ ಕೂಗಿದೆ, ಈಜಿಪ್ಟಿನವನು ಓಡಿ ಹೋಗಿ ತನ್ನ ವ್ಯಾನಿನ ಹಾರ್ನನ್ನು ಒತ್ತಿ ಹಿಡಿದ. ನೀರಿನ ಮೇಲೆ ಒಬ್ಬ ಹೆಂಗಸು ನೆಟ್ಟಗೆ ನಿಂತು ಹಾರಿ ಬರುತ್ತಿದ್ದಳು, ಬೆನ್ನ ಹಿಂದೆ ಇಡೀ ಸಮುದ್ರ. ಹಿಂದಿನಿಂದ ನಗುತ್ತಿದ್ದ ತರುಣರೇ ಈಗ ನೀರಿಗೆ ಇಳಿದು ಚಪ್ಪಾಳೆ ತಟ್ಟುತ್ತಿದ್ದರು. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇಕೆ? ಜೋರಾಗಿಯೇ ಅಳುತ್ತಿದ್ದೆ.

ಸೊಂಟಮಟ್ಟ ನೀರಿನಲ್ಲಿ ಅವರು ತಾವಾಗಿಯೇ ಇಳಿದರು. ಬಿದ್ದದ್ದಲ್ಲ, ಮೆಟ್ಟಿಲಿಂದ ಇಳಿದ ಹಾಗೆ ಇಳಿದದ್ದು. ನಾನು ಸೀರೆ, ಚಪ್ಪಲಿ ಯಾವುದೂ ನೋಡದೆ ನೀರಿಗೆ ನುಗ್ಗಿದೆ. ಸಿಸ್ಟರ್ ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು, ಮಣಿಕಟ್ಟು ಮೇಲೆ ಮಾಡಿ.

"ಹಿಡಿ. ನೋಡು," ಎಂದರು. ಅಷ್ಟು ವರ್ಷ ಎಲ್ಲರ ನಾಡಿ ಹಿಡಿದವರು.

ನನಗೆ ನಾಡಿ ನೋಡಲು ಎಲ್ಲಿ ಬರುತ್ತದೆ? ಆದರೂ ಹಿಡಿದೆ. ಬೆರಳಿನ ಕೆಳಗೆ ಅದು ಕುದುರೆಯ ಹಾಗೆ ಓಡುತ್ತಿತ್ತು. "ಸಿಸ್ಟರ್, ಯಾರ ಹತ್ತಿರ ಜಗಳ ಮಾಡಿದ್ದು?" ಎಂದು ಕೇಳಿದೆ. ಅವರು ಕಡಲಿನ ಕಡೆ ಗಲ್ಲ ತೋರಿಸಿ, "ಇವನ ಹತ್ತಿರ," ಎಂದರು. "ಗೆದ್ದೆ."

ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟದ್ದು ನಾನೇ. ಹಲಗೆ, ಹಾಯಿ, ರೆಕ್ಕೆಗಳನ್ನು ಈಜಿಪ್ಟಿನವನಿಗೆ ಕೊಟ್ಟು, ಕಲಿಯಲು ಬರುವ ಹೆಂಗಸರಿಗೆ ಕೊಡು ಎಂದಿದ್ದರು. ದಾಂಡೊ ಮಾತ್ರ ನನಗೆ. "ನೀನು ಈಜು ಕಲಿ. ಕಲಿತ ದಿನ ಇದನ್ನು ತಗೊಂಡು ಅವನ ಹತ್ತಿರ ಹೋಗು. ಮಂಚದ ಕೆಳಗೆ ಇಟ್ಟದ್ದು ಗೊತ್ತಾದರೆ ಅಲ್ಲಿಂದಲೇ ಬೈತೇನೆ," ಎಂದರು. ತಮ್ಮನಿಗೆ ತಲೆನೋವಿನ ಮುಲಾಮು ಒಯ್ದಿದ್ದರು, ಏರ್ ಫ್ರೈಯರ್ ಇಲ್ಲ. ದಿನಾ ಕಡಲಲ್ಲಿ ಈಜುತ್ತೇನೆಂದು ಅವನಿಗೆ ಮೊದಲೇ ಹೇಳಿ ಆಗಿದೆ, ಮುಲಾಮು ಬೇಕಾದೀತು ಎಂದು ನಕ್ಕರು. ನಾನು ಈಗ ಶನಿವಾರ ಮಾಳಿಗೆಯ ಕೊಳದಲ್ಲಿ ಮಕ್ಕಳ ಜೊತೆ ಕಾಲು ಬಡಿಯುತ್ತೇನೆ. ಹೊಸ ಪಾತ್ರೆಗಳ ಡಬ್ಬಿಗಳನ್ನೂ ಬಿಚ್ಚಿದ್ದೇನೆ.

ಮಂಗಳೂರು ವಿಮಾನದ ಸಾಲು ಅವತ್ತೂ ಯಾವತ್ತಿನಂತೆಯೇ ಇತ್ತು. ಜನ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಸಾಬೂನನ್ನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹಾಕುತ್ತ ಬೆವರುತ್ತಿದ್ದರು. ಸಿಸ್ಟರ್ ತಮ್ಮ ಒಂದೇ ಸೂಟ್‌ಕೇಸನ್ನು ಒಂದು ಕೈಯಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟರು. ಕೌಂಟರಿನ ಹುಡುಗಿ ತೂಕ ನೋಡಿದಳು. ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದಳು.

"ಮೇಡಂ, ನಿಮಗೆ ಇನ್ನೂ ಅರ್ಧದಷ್ಟು ತೂಕ ಬಾಕಿ ಉಂಟು. ಬೇರೆ ಬ್ಯಾಗ್ ಇದೆಯಾ?"

"ಇಲ್ಲ ಮಗಾ," ಎಂದರು ಸಿಸ್ಟರ್, ಇಡೀ ಸಾಲಿಗೆ ಕೇಳುವ ಹಾಗೆ. "ನನ್ನ ಪಾಲಿನದ್ದನ್ನು ನಾನು ಇಲ್ಲೇ ಅನುಭವಿಸಿ ಆಯ್ತು."

ಹಿಂದೆ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದವರೊಬ್ಬರು ಹಗ್ಗ ಬಿಟ್ಟು, ಬೀಸು ಹೆಜ್ಜೆ ಹಾಕುತ್ತ ಬರಿಗೈಯಲ್ಲಿ ಹೋಗುತ್ತಿದ್ದ ಅವರನ್ನೇ ನೋಡುತ್ತ ನಿಂತರು.